ನಮ್ಮ ಟ್ರಕ್ಕಿನ ಬೆನ್ನು ಬಾಗಿದಾಗ

ಹೋದ ವರ್ಷ ನಮ್ಮ ಕನ್ನಡ ಶಾಲೆಯ ಮಕ್ಕಳು ಆಡಿದ ಓಬವ್ವನ ನಾಟಕ ನಿಮಗೆ ನೆನಪಿರಬಹುದು. ಅದರ ಕೋಟೆ ನೆನಪಿದೆಯಾ? ಪ್ಲೈವುಡ್ಡಿಗೆ ಬೂದು ಬಣ್ಣ ಬಳಿದು, ಥರ್ಮೋಕೋಲ್ ಕಲ್ಲು ಅಂಟಿಸಿ, ನಾಲ್ಕು ಮನೆಯವರು ಮೂರು ವಾರ ಕೂತು ಮಾಡಿದ ಚಿತ್ರದುರ್ಗ ಅದು. ನಾಟಕದ ಫೋಟೋಗಳು ಇದೇ ಪತ್ರಿಕೆಯಲ್ಲಿ ಬಂದಿದ್ದವು. ಆದರೆ ಆ ಕೋಟೆ ಡಲ್ಲಾಸ್‌ನಿಂದ ಆಸ್ಟಿನ್‌ಗೆ ಹೇಗೆ ಹೋಯಿತು ಅನ್ನುವುದು ಬರಲಿಲ್ಲ. ಅಪ್ಪನಿಗೆ ಅದನ್ನು ಯಾರಿಗೂ ಹೇಳುವ ಮನಸ್ಸಿರಲಿಲ್ಲ. ಈಗ ಒಪ್ಪಿದ್ದಾರೆ. ಈ ವರ್ಷ ನಿಮ್ಮಲ್ಲಿ ಕೆಲವರು ಕೂಡ ಸಾಮಾನು ಎಳೆಯಲು ಟ್ರಕ್ ಕೊಡುತ್ತೀರಿ ಎಂದು ಗೊತ್ತಾದ ಮೇಲೆ, "ಬರಿ, ಎಲ್ಲಾ ಬರಿ" ಅಂದರು.

ನಮ್ಮದು ಸಾಮಾನ್ಯ ಪಿಕಪ್ ಟ್ರಕ್. ಇಲ್ಲಿಯವರು ಹಾಫ್ ಟನ್ ಅನ್ನುವ ಜಾತಿ. ಎರಡು ಸಾಲು ಸೀಟು, ಹಿಂದೆ ಐದೂವರೆ ಅಡಿಯ ಬೆಡ್. ಆ ದಿನ ಟ್ರಕ್ಕಿನಲ್ಲಿ ಅಪ್ಪ, ಅಮ್ಮ, ನಾನು, ತಮ್ಮ. ಬೆಡ್ಡಿನಲ್ಲಿ ಜನರೇಟರ್, ಮಡಚುವ ಮೇಜುಗಳು, ಊಟದ ದೊಡ್ಡ ಕೂಲರ್‌ಗಳು. ಹಿಂದೆ ಬಾಡಿಗೆಗೆ ತಂದ ಮುಚ್ಚಿದ ಟ್ರೈಲರ್. ಅದರೊಳಗೆ ಕೋಟೆ, ಸೌಂಡ್ ಬಾಕ್ಸುಗಳು, ವೇದಿಕೆಗೆ ಹಾಸುವ ಕಬ್ಬಿಣದ ಚೌಕಟ್ಟುಗಳು. ಹಿಂದಿನ ರಾತ್ರಿ ತುಂಬಿಸುವಾಗ ಚೌಕಟ್ಟುಗಳನ್ನೆಲ್ಲ ಟ್ರೈಲರಿನ ಮೂತಿಗೆ ಒತ್ತಿ ಇಟ್ಟಿದ್ದೆವು. ಬೆಳಗಿನ ಐದು ಗಂಟೆಗೆ ಕೊಂಡಿ ಹಾಕಿದಾಗ ಟ್ರಕ್ಕಿನ ಹಿಂಭಾಗ ಕುಸಿದು, ಮುಂಭಾಗ ಆಕಾಶ ನೋಡುತ್ತಿತ್ತು. ನಾಯಿ ಕುಕ್ಕರುಗಾಲಿನಲ್ಲಿ ಕೂತರೆ ಹೇಗಿರುತ್ತದೋ ಹಾಗೆ.

ಕತ್ತಲಲ್ಲಿ ಹೊರಟೆವು. ಎದುರಿನಿಂದ ಬರುವವರೆಲ್ಲ ನಮಗೆ ಲೈಟು ಮಿಣುಕಿಸುತ್ತಿದ್ದರು. ನಾವು ಹೈಬೀಮ್ ಹಾಕಿರಲೇ ಇಲ್ಲ. ಟ್ರಕ್ಕಿನ ಮೂತಿ ಎದ್ದಿದ್ದರಿಂದ ನಮ್ಮ ಸಾಮಾನ್ಯ ಲೈಟೇ ಅವರ ಕಣ್ಣಿಗೆ ಹೊಡೆಯುತ್ತಿತ್ತು. ಒಂದು ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿ ಅಪ್ಪ ಒಂದು ಉಪಾಯ ಮಾಡಿದರು. ಚೌಕಟ್ಟುಗಳನ್ನು ಹೊರಗೆ ತೆಗೆದು ಟ್ರೈಲರಿನ ಹಿಂದಿನ ಬಾಗಿಲ ಹತ್ತಿರ ಇಟ್ಟರು. ತಕ್ಷಣ ಟ್ರಕ್ ಮಟ್ಟಸವಾಗಿ ನಿಂತಿತು. ಎಲ್ಲರಿಗೂ ಖುಷಿ. ನಾನೇ ಫೋಟೋ ತೆಗೆದೆ.

ಆ ಫೋಟೋ ಈಗಲೂ ನನ್ನ ಫೋನಿನಲ್ಲಿದೆ. ನೋಡಿದರೆ ಎಲ್ಲವೂ ಸರಿಯಾಗಿದೆ ಅನ್ನಿಸುತ್ತದೆ.

ಹಿಲ್ಸ್‌ಬರೋ ದಾಟಿ ಐ-35ರಲ್ಲಿ ಸ್ವಲ್ಪ ದೂರ ಹೋಗಿದ್ದೆವು. ವೇಗ ಗಂಟೆಗೆ 65 ಮೈಲಿ. ಪಕ್ಕದಲ್ಲಿ ಒಂದು ಹದಿನೆಂಟು ಚಕ್ರದ ಲಾರಿ ಜೋರಾಗಿ ದಾಟಿತು. ಅದರ ಗಾಳಿಗೆ ಟ್ರೈಲರಿನ ಬಾಲ ಒಮ್ಮೆ ಬಲಕ್ಕೆ ಹೋಯಿತು. ಆಮೇಲೆ ಎಡಕ್ಕೆ. ಆಮೇಲೆ ಇನ್ನೂ ಜಾಸ್ತಿ ಬಲಕ್ಕೆ. ಮೂರನೆಯ ಸಲ ಟ್ರಕ್ಕಿನ ಹಿಂಭಾಗವೂ ಅದರ ಜೊತೆಗೆ ಹೋಗತೊಡಗಿತು. ನನ್ನ ಪಕ್ಕದ ಕಿಟಕಿಯಲ್ಲಿ ಟ್ರೈಲರಿನ ಮೂಲೆ ಕಂಡಿತು. ಅದು ಅಲ್ಲಿ ಕಾಣಬಾರದು.

ಅಪ್ಪ ಬ್ರೇಕ್ ತುಳಿಯಲಿಲ್ಲ. ಸ್ಟೀರಿಂಗ್ ನೇರ ಹಿಡಿದು, ಆಕ್ಸಿಲರೇಟರ್‌ನಿಂದ ಕಾಲು ತೆಗೆದು, ಡ್ಯಾಶ್‌ಬೋರ್ಡಿನ ಕೆಳಗಿದ್ದ ಟ್ರೈಲರ್ ಬ್ರೇಕಿನ ಪುಟ್ಟ ಲಿವರನ್ನು ಕೈಯಲ್ಲಿ ಅದುಮಿದರು. ಅದು ಟ್ರೈಲರಿನ ಚಕ್ರಗಳಿಗೆ ಮಾತ್ರ ಬ್ರೇಕ್ ಹಾಕುತ್ತದೆ. ಹಿಂದಿನಿಂದ ಯಾರೋ ಹಿಡಿದು ಎಳೆದಂತಾಗಿ ಎರಡೂ ಒಂದೇ ನೇರಕ್ಕೆ ಬಂದವು. ರಸ್ತೆ ಪಕ್ಕಕ್ಕೆ ನಿಲ್ಲಿಸಿದ ಮೇಲೂ ಸುಮಾರು ಹೊತ್ತು ಯಾರೂ ಮಾತಾಡಲಿಲ್ಲ. ಕೊನೆಗೆ ತಮ್ಮನೇ ಕೇಳಿದ: "ಕೋಟೆ ಬಿದ್ದೋಯ್ತಾ?"

ಕೋಟೆ ಬಿದ್ದಿರಲಿಲ್ಲ. ಚೌಕಟ್ಟುಗಳನ್ನು ಮತ್ತೆ ಮುಂದಕ್ಕೆ ಎಳೆದು, ಹೆದ್ದಾರಿ ಬಿಟ್ಟು ಪಕ್ಕದ ರಸ್ತೆಯಲ್ಲಿ 45ರ ವೇಗದಲ್ಲಿ ಆಸ್ಟಿನ್ ತಲುಪಿದೆವು. ನಾಟಕಕ್ಕೆ ಇನ್ನೂ ಇಪ್ಪತ್ತು ನಿಮಿಷವಿತ್ತು.

ಮನೆಗೆ ಬಂದ ಮೇಲೆ ಮಂಡ್ಯದ ತಾತನಿಗೆ ಫೋನ್ ಮಾಡಿದಾಗ ಇದನ್ನೆಲ್ಲ ಹೇಳಿದೆ. ತಾತ ಚಿಕ್ಕವರಿದ್ದಾಗ ಎತ್ತಿನ ಗಾಡಿಯಲ್ಲಿ ಕಬ್ಬು ತುಂಬಿಕೊಂಡು ಸಕ್ಕರೆ ಕಾರ್ಖಾನೆಗೆ ಹೊಡೆಯುತ್ತಿದ್ದವರು. ಅವರು ಟ್ರೈಲರ್ ನೋಡಿಲ್ಲ. ಆದರೂ ನಾನು ಅರ್ಧ ಹೇಳುವಷ್ಟರಲ್ಲೇ, "ಹಿಂಭಾರ ಮಾಡಿಬುಟ್ಟವ್ರೆ ಕಣವ್ವ ನಿಮ್ಮಪ್ಪ" ಅಂದರು.

ಎರಡು ಚಕ್ರದ ಗಾಡಿಯಲ್ಲಿ ಮುಂದಕ್ಕೆ ಚಾಚಿರುವ ಉದ್ದದ ಮರಕ್ಕೆ ಮೂಕಿ ಎನ್ನುತ್ತಾರೆ. ಅದರ ತುದಿಯಲ್ಲಿ ನೊಗ. ಕಬ್ಬನ್ನು ತೀರಾ ಮುಂದಕ್ಕೆ ಹೇರಿದರೆ ಮೂಕಿ ಭಾರವಾಗಿ ಎತ್ತುಗಳ ಕತ್ತು ಕುಸಿಯುತ್ತದೆ. ತೀರಾ ಹಿಂದಕ್ಕೆ ಹೇರಿದರೆ ಮೂಕಿ ಮೇಲಕ್ಕೆದ್ದು ಕೊರಳಿನ ಹಗ್ಗ ಎತ್ತಿನ ಉಸಿರು ಕಟ್ಟಿಸುತ್ತದೆ. ಹೇರುವವನಿಗೆ ಆ ಹದ ಗೊತ್ತಿರಬೇಕು. ಮೂಕಿ ಎತ್ತಿನ ಕತ್ತಿನ ಮೇಲೆ ಕೂರಬೇಕು, ಆದರೆ ಒತ್ತಬಾರದು.

ಟ್ರೈಲರೂ ಅದೇ ಗಾಡಿ. ಎತ್ತಿನ ಜಾಗದಲ್ಲಿ ಟ್ರಕ್ ಇದೆ, ಅಷ್ಟೇ. ಕೊಂಡಿಯ ಮೇಲೆ ಕೆಳಮುಖವಾಗಿ ಬೀಳುವ ತೂಕಕ್ಕೆ ಇಲ್ಲಿ ಟಂಗ್ ವೇಟ್ ಎನ್ನುತ್ತಾರೆ. ನಮ್ಮ ಮನೆಯಲ್ಲಿ ಈಗ ಅದರ ಹೆಸರು ಮೂಕಿ ಭಾರ. ಇಂಥ ಟ್ರೈಲರಿಗೆ ಮೂಕಿ ಭಾರ ಒಟ್ಟು ತೂಕದ ಶೇ. 10ರಿಂದ 15ರಷ್ಟು ಇರಬೇಕು. ಅದಕ್ಕೇ ಸಾಮಾನಿನ ಹೆಚ್ಚಿನ ಪಾಲು, ಸುಮಾರು ಶೇ. 60, ಟ್ರೈಲರಿನ ಮುಂದಿನ ಅರ್ಧದಲ್ಲಿ ಇಡಬೇಕು ಎನ್ನುತ್ತಾರೆ. ಭಾರ ಹಿಂದಕ್ಕೆ ಹೋದಂತೆ ಟ್ರೈಲರಿನ ಬಾಲ ಗಡಿಯಾರದ ಲೋಲಕದ ಹಾಗೆ ಆಡತೊಡಗುತ್ತದೆ. ವೇಗ ಹೆಚ್ಚಿದಷ್ಟೂ ಆ ಆಟ ಹೆಚ್ಚು. ಅಪ್ಪ ಟ್ರಕ್ಕನ್ನು ಮಟ್ಟ ಮಾಡಲು ಹೋಗಿ ಮೂಕಿಯನ್ನೇ ಎತ್ತಿಬಿಟ್ಟಿದ್ದರು.

ಹಾಗಾದರೆ ಭಾರ ಮುಂದೆಯೇ ಇರಬೇಕು. ಇದ್ದರೆ ಟ್ರಕ್ ಕುಸಿಯುತ್ತದೆ. ಇದಕ್ಕೆ ಏನು ಮಾಡುವುದು?

ಇಲ್ಲಿ ಟ್ರಕ್ಕಿನ ಕೆಳಗೆ ಒಮ್ಮೆ ಇಣುಕಿ ನೋಡಬೇಕು. ನಮ್ಮ ಟ್ರಕ್ಕಿನ ಹಿಂದಿನ ಚಕ್ರಗಳ ಮೇಲೆ ಬಿಲ್ಲಿನ ಹಾಗೆ ಬಾಗಿದ ಉಕ್ಕಿನ ಪಟ್ಟಿಗಳು ಒಂದರ ಮೇಲೊಂದು ಇವೆ. ಇಂಗ್ಲಿಷಿನಲ್ಲಿ ಲೀಫ್ ಸ್ಪ್ರಿಂಗ್. ಊರಿನಲ್ಲಿ ಲಾರಿಯವರು "ಬ್ಲೇಡ್ ಕಟ್ಟಾಯ್ತು" ಅನ್ನುತ್ತಾರಲ್ಲ, ಅದೇ ಬ್ಲೇಡುಗಳು. ಮಕ್ಕಳೇ, ಇದನ್ನು ನೀವು ಮನೆಯಲ್ಲೇ ನೋಡಬಹುದು. ಒಂದು ಪ್ಲಾಸ್ಟಿಕ್ ಸ್ಕೇಲನ್ನು ಮೇಜಿನ ಅಂಚಿನಿಂದ ಹೊರಗೆ ಚಾಚಿ ಹಿಡಿದು, ತುದಿಗೆ ಒಂದು ಚಿಕ್ಕ ಚೀಲದಲ್ಲಿ ನಾಣ್ಯಗಳನ್ನು ನೇತುಹಾಕಿ. ಎಷ್ಟು ಬಾಗಿತು ಅಳೆಯಿರಿ. ನಾಣ್ಯ ಎರಡರಷ್ಟಾದರೆ ಬಾಗುವುದೂ ಹೆಚ್ಚುಕಡಿಮೆ ಎರಡರಷ್ಟು. ಇದೇ ಹುಕ್‌ನ ನಿಯಮ. ಈಗ ಅಂಥದ್ದೇ ಇನ್ನೊಂದು ಸ್ಕೇಲನ್ನು ಅದರ ಮೇಲಿಡಿ. ಬಾಗುವುದು ಅರ್ಧಕ್ಕಿಳಿಯುತ್ತದೆ. ಟ್ರಕ್ಕಿನಲ್ಲಿ ಪಟ್ಟಿಗಳ ಕೆಳಗೆ ಒಂದು ದಪ್ಪನೆಯ ಚಪ್ಪಟೆ ಪಟ್ಟಿ ಇರುತ್ತದೆ. ಖಾಲಿ ಇದ್ದಾಗ ಅದು ಸುಮ್ಮನಿರುತ್ತದೆ, ಭಾರ ಬಿದ್ದು ಮೇಲಿನವು ಬಾಗಿದಾಗ ಅದೂ ಕೈ ಕೊಡುತ್ತದೆ. (ಎಲ್ಲ ಟ್ರಕ್ಕಿನಲ್ಲೂ ಹೀಗಿರುವುದಿಲ್ಲ. ರ‍್ಯಾಮ್ 1500ಕ್ಕೆ 2009ರ ಮಾಡೆಲ್‌ನಿಂದ, ಟೊಯೋಟಾ ಟಂಡ್ರಾಗೆ 2022ರ ಮಾಡೆಲ್‌ನಿಂದ ಹಿಂದೆಯೂ ಸುರುಳಿ ಸ್ಪ್ರಿಂಗು.)

ಈ ಸ್ಪ್ರಿಂಗಿಗೆ ಸಹಾಯ ಮಾಡಲು ಅಂಗಡಿಯಲ್ಲಿ ಬೇಕಾದಷ್ಟು ಸಿಗುತ್ತವೆ. ಇನ್ನೊಂದು ಪಟ್ಟಿ ಸೇರಿಸಬಹುದು. ಅಗ್ಗ, ಗಟ್ಟಿ. ಆದರೆ ಟ್ರಕ್ ಖಾಲಿ ಇದ್ದಾಗಲೂ ಅದು ಹೋಗುವುದಿಲ್ಲ, ದಿನಾ ಶಾಲೆಗೆ ಹೋಗುವಾಗ ಪ್ರತಿ ಉಬ್ಬಿಗೂ ತಲೆ ಮೇಲೆ ಬಡಿಯುತ್ತದೆ. ಟಿಂಬ್ರೆನ್ ಎಂಬ ಕಂಪನಿಯ ಟೊಳ್ಳು ರಬ್ಬರ್ ಸ್ಪ್ರಿಂಗುಗಳಿವೆ. ಚಕ್ರ ತೀರಾ ಮೇಲೆ ಬಂದಾಗ ಚಾಸಿಗೆ ಬಡಿಯದಂತೆ ಇರುವ ರಬ್ಬರ್ ತುಂಡಿನ ಜಾಗದಲ್ಲಿ ಅವು ಕೂರುತ್ತವೆ, ಗಾಳಿ ತುಂಬುವ ಗೋಜಿಲ್ಲ. ನಮ್ಮ ಅಪ್ಪ ಆರಿಸಿದ್ದು ಏರ್ ಬ್ಯಾಗ್. ಅಪಘಾತದಲ್ಲಿ ಬಿಚ್ಚಿಕೊಳ್ಳುವ ಏರ್ ಬ್ಯಾಗ್ ಅಲ್ಲ, ದಪ್ಪ ರಬ್ಬರಿನ ಗಾಳಿ ಚೀಲ. ಚಾಸಿಗೂ ಆಕ್ಸಲ್‌ಗೂ ನಡುವೆ ಎಡಕ್ಕೊಂದು ಬಲಕ್ಕೊಂದು. ಭಾರ ಇದ್ದಾಗ ಗಾಳಿ ತುಂಬಿ, ಇಲ್ಲದಾಗ ಇಳಿಸಬಹುದು. ನಮ್ಮ ಬಳಕೆಗೆ ಅದೇ ಸರಿ ಎಂದು ನನಗೂ ಅನ್ನಿಸಿತು.

ನವೆಂಬರಿನ ಒಂದು ಶನಿವಾರ ಮನೆಯ ಮುಂದೆಯೇ ಹಾಕಿದೆವು. ನಮ್ಮ ಬೀದಿಯಲ್ಲಿರುವ ಒಬ್ಬ ನಿವೃತ್ತ ಮೆಕ್ಯಾನಿಕ್ ಅಂಕಲ್ ಸ್ಟೂಲ್ ಹಾಕಿಕೊಂಡು ಕೂತು ನಾವು ಮಾಡುವ ತಪ್ಪುಗಳನ್ನೆಲ್ಲ ನೋಡಿ ಹೇಳಿದರು. ಜ್ಯಾಕಿನ ಮೇಲೆ ಮಾತ್ರ ನಿಂತಿರುವ ಗಾಡಿಯ ಕೆಳಗೆ ಹೋಗಬಾರದು, ಸ್ಟ್ಯಾಂಡ್ ಕೊಟ್ಟ ಮೇಲೆಯೇ ಹೋಗಬೇಕು ಎನ್ನುವುದು ಅವರ ಮೊದಲ ಮಾತು. ರಬ್ಬರ್ ತುಂಡು ಬಿಚ್ಚಿ, ಬ್ರ್ಯಾಕೆಟ್ ಕೂರಿಸಿ, ಚೀಲ ಬಿಗಿದು, ಗಾಳಿಯ ಸಣ್ಣ ಪೈಪನ್ನು ಸೈಲೆನ್ಸರಿನ ಬಿಸಿ ತಗುಲದ ಹಾಗೆ ನಂಬರ್ ಪ್ಲೇಟಿನ ಪಕ್ಕಕ್ಕೆ ತಂದೆವು. ಪೈಪು ಕತ್ತರಿಸುವ ಕೆಲಸ ನನ್ನದು. ಮೊದಲ ಸಲ ಕತ್ತರಿಯಲ್ಲಿ ಓರೆಯಾಗಿ ಕತ್ತರಿಸಿದೆ. ಸೋಪಿನ ನೀರು ಹಚ್ಚಿ ನೋಡಿದಾಗ ಅಲ್ಲೇ ಗುಳ್ಳೆ ಬಂತು. ಹರಿತವಾದ ಬ್ಲೇಡಿನಲ್ಲಿ ನೇರ ಕತ್ತರಿಸಿದ ಮೇಲೆ ನಿಂತಿತು. ನಮ್ಮ ಚೀಲಗಳಲ್ಲಿ ಯಾವಾಗಲೂ ಕನಿಷ್ಠ 5 ಪಿಎಸ್‌ಐ ಗಾಳಿ ಇರಬೇಕು, 100 ದಾಟಬಾರದು. ಪೂರ್ತಿ ಖಾಲಿ ಬಿಟ್ಟರೆ ರಬ್ಬರು ಮಡಚಿ ಹರಿಯುತ್ತದೆ.

ಡಬ್ಬದ ಮೇಲೆ ದೊಡ್ಡದಾಗಿ 5,000 ಪೌಂಡ್ ಎಂದು ಬರೆದಿತ್ತು. ಅಪ್ಪ ಅದನ್ನು ಬೆರಳಿನಿಂದ ತಟ್ಟಿ, "ಇನ್ನು ಬೆಡ್ಡಿನಲ್ಲಿ ಆನೆ ಕೂರಿಸಿದರೂ ಪರವಾಗಿಲ್ಲ" ಅಂದರು. ನಾನು ಒಳಗಿದ್ದ ಸೂಚನಾ ಪುಸ್ತಕ ಓದಿದೆ. ಟ್ರಕ್ ತಯಾರಿಸಿದವರು ಕೊಟ್ಟಿರುವ ತೂಕದ ಮಿತಿಯನ್ನು ಈ ಚೀಲಗಳು ಹೆಚ್ಚಿಸುವುದಿಲ್ಲ, ಆ ಮಿತಿ ದಾಟಬೇಡಿ ಎಂದು ಅದರಲ್ಲಿತ್ತು. ಅಪ್ಪ, "ಲಾಯರ್‌ಗಳಿಗೋಸ್ಕರ ಹಾಗೆ ಬರೀತಾರೆ" ಅಂದರು. ಆವತ್ತು ಊಟದ ಹೊತ್ತಿಗೆ ನಾವಿಬ್ಬರೂ ಅಷ್ಟಾಗಿ ಮಾತಾಡಲಿಲ್ಲ.

ಡಿಸೆಂಬರಿನಲ್ಲಿ ಅದೇ ನಾಟಕ ಹ್ಯೂಸ್ಟನ್‌ನಲ್ಲಿ ಇತ್ತು. ಹೊರಡುವ ಹಿಂದಿನ ವಾರ ಎಲ್ಲವನ್ನೂ ಸರಿಯಾಗಿ, ಭಾರ ಮುಂದೆ ಬರುವಂತೆ ತುಂಬಿಸಿ, ನಾಲ್ವರೂ ಕೂತು, ಹೆದ್ದಾರಿ ಪಕ್ಕದ ಟ್ರಕ್ ಸ್ಟಾಪಿನಲ್ಲಿರುವ ಕ್ಯಾಟ್ ತೂಕದ ಕಟ್ಟೆಗೆ ಹೋದೆವು. ನಾನು ಹಠ ಹಿಡಿದಿದ್ದೆ. ಈ ಕಟ್ಟೆಗಳು ದೊಡ್ಡ ಲಾರಿಗಳಿಗೆ ಮಾತ್ರ ಅಂದುಕೊಳ್ಳಬೇಡಿ, ಯಾರು ಬೇಕಾದರೂ ಹೋಗಬಹುದು. ಮುಂದಿನ ಚಕ್ರ, ಹಿಂದಿನ ಚಕ್ರ, ಟ್ರೈಲರಿನ ಚಕ್ರ ಬೇರೆ ಬೇರೆ ಹಲಗೆಗಳ ಮೇಲೆ ನಿಲ್ಲುತ್ತವೆ, ಮೂರು ತೂಕಗಳೂ ಒಂದೇ ಚೀಟಿಯಲ್ಲಿ ಬರುತ್ತವೆ. ಅದೇ ದಿನ ಮತ್ತೆ ತೂಗಿದರೆ ದರವೂ ಕಡಿಮೆ.

ಮೊದಲು ಚೀಲದಲ್ಲಿ 5 ಪಿಎಸ್‌ಐ ಮಾತ್ರ ಇಟ್ಟು ತೂಗಿದೆವು. ಟ್ರಕ್ ಹಿಂದೆ ಮೂರು ಇಂಚು ಕುಸಿದಿತ್ತು, ಮುಂದೆ ಅರ್ಧ ಇಂಚು ಎದ್ದಿತ್ತು. ಮುಂದಿನ ಚಕ್ರ 3,080 ಪೌಂಡ್, ಹಿಂದಿನದು 3,800, ಟ್ರೈಲರಿನ ಚಕ್ರಗಳು 4,340. ಆಮೇಲೆ 40 ಪಿಎಸ್‌ಐ ತುಂಬಿದೆವು. ಹಿಂಭಾಗ ಚೆನ್ನಾಗಿ ಮೇಲೆದ್ದಿತು. ಮತ್ತೆ ತೂಗಿದರೆ 3,080, 3,800, 4,340. ಒಂದು ಅಂಕಿಯೂ ಬದಲಾಗಲಿಲ್ಲ. ಟೇಪು ಹಿಡಿದು ನೋಡಿದರೆ ಮುಂಭಾಗ ಇನ್ನೂ ಅರ್ಧ ಇಂಚು ಎದ್ದೇ ಇತ್ತು. ಮೂರನೆಯ ಸಲ ಟ್ರೈಲರನ್ನು ಪಾರ್ಕಿಂಗಿನಲ್ಲಿ ಬಿಟ್ಟು ಟ್ರಕ್ ಮಾತ್ರ ತೂಗಿದೆವು: ಮುಂದೆ 3,340, ಹಿಂದೆ 2,900.

ಈ ಮೂರು ಚೀಟಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಕೊಂಡಿ ಹಾಕಿದಾಗ ಟ್ರಕ್ಕಿನ ಒಟ್ಟು ತೂಕ 6,240ರಿಂದ 6,880ಕ್ಕೆ ಏರಿತು. ಅಂದರೆ ಮೂಕಿ ಭಾರ 640 ಪೌಂಡ್. ಟ್ರೈಲರಿನ ಒಟ್ಟು ತೂಕ 4,980, ಅದರ ಸುಮಾರು ಶೇ. 13. ಒಳ್ಳೆಯ ಹದ. ಆದರೆ ಹಿಂದಿನ ಚಕ್ರದ ಮೇಲೆ ಹೆಚ್ಚಾದದ್ದು 640 ಅಲ್ಲ, 900! ಉಳಿದ 260 ಎಲ್ಲಿಂದ ಬಂತು? ಮುಂದಿನ ಚಕ್ರದಿಂದ. ಪಾರ್ಕಿನ ಸೀ-ಸಾ ನೆನಪಿಸಿಕೊಳ್ಳಿ. ಹಿಂದಿನ ಆಕ್ಸಲ್ ನಡುವಿನ ಕಂಬ. ಕೊಂಡಿ ಅದರಿಂದ ಸುಮಾರು 5 ಅಡಿ ಹಿಂದೆ, ಮುಂದಿನ ಚಕ್ರ ಸುಮಾರು 12 ಅಡಿ ಮುಂದೆ. ಹಿಂದೆ 640 ಒತ್ತಿದರೆ ಮುಂದೆ 640ರ ಹನ್ನೆರಡನೇ ಐದು ಭಾಗದಷ್ಟು ಎದ್ದುಬಿಡುತ್ತದೆ. ತಿರುಗುವುದೂ ಬ್ರೇಕ್ ಹಿಡಿಯುವುದೂ ಬಹುಪಾಲು ಮುಂದಿನ ಚಕ್ರಗಳ ಕೆಲಸ. ಅವುಗಳ ಮೇಲಿನ ಭಾರವೇ ಕಡಿಮೆಯಾಗಿತ್ತು. ಗಾಳಿ ಚೀಲ ಟ್ರಕ್ಕಿನ ಬೆನ್ನನ್ನು ಎತ್ತಿತು, ಭಾರವನ್ನು ಮುಂದಕ್ಕೆ ಕಳಿಸಲಿಲ್ಲ.

ಇನ್ನು ಮಿತಿಯ ವಿಷಯ. ಡ್ರೈವರ್ ಬಾಗಿಲು ತೆರೆದರೆ ಕಂಬದ ಮೇಲೆ ಚೀಟಿಗಳು ಅಂಟಿಸಿರುತ್ತವೆ. ನಮ್ಮ ಟ್ರಕ್ಕಿನ ಒಟ್ಟು ಮಿತಿ 6,800 ಪೌಂಡ್. ನಾವು 80 ಹೆಚ್ಚು. ಹಿಂದಿನ ಆಕ್ಸಲ್‌ನ ಮಿತಿ 3,800. ನಾವು ಸರಿಯಾಗಿ ಗೆರೆಯ ಮೇಲೆ. ಹಳದಿ ಪಟ್ಟಿಯ ಇನ್ನೊಂದು ಚೀಟಿಯಲ್ಲಿ ಜನರು ಮತ್ತು ಸಾಮಾನು ಸೇರಿ 1,540 ಪೌಂಡ್ ಮೀರಬಾರದು ಎಂದಿತ್ತು. ಸುಮಾರು 700 ಕೆಜಿ. ಜನ 520, ಬೆಡ್ಡಿನ ಸಾಮಾನು 450, ಇವೆರಡೇ 970 ಆಯಿತು. ಮೂಕಿ ಭಾರವೂ ಈ ಲೆಕ್ಕಕ್ಕೇ ಸೇರುತ್ತದೆ ಎನ್ನುವುದು ನಮಗೆ ಗೊತ್ತೇ ಇರಲಿಲ್ಲ. ಜಾಹೀರಾತಿನಲ್ಲಿ "ಇಷ್ಟು ಸಾವಿರ ಪೌಂಡ್ ಎಳೆಯುತ್ತದೆ" ಅನ್ನುವುದನ್ನು ಮಾತ್ರ ನೋಡಿದ್ದೆವು. ಎಳೆಯುವ ಮಿತಿ ಮುಟ್ಟುವ ಎಷ್ಟೋ ಮೊದಲೇ ಹೊರುವ ಮಿತಿ ಮುಗಿದುಹೋಗುತ್ತದೆ. ಆಮೇಲೆ ಟ್ರಕ್ಕಿನ ಕೆಳಗಿನ ಕೊಂಡಿಯ ಚೀಟಿಯನ್ನು ಟಾರ್ಚ್ ಬಿಟ್ಟು ಓದಿದೆ. ಸುಮ್ಮನೆ ಕೊಂಡಿ ಹಾಕಿದರೆ ಮೂಕಿ ಭಾರ 500 ಮೀರಬಾರದು. ನಮ್ಮದು 640.

ಅಪ್ಪ ಚೀಟಿಗಳನ್ನು ಎರಡು ಸಲ ಓದಿದರು. ಮೂರನೆಯ ಸಲ ಕನ್ನಡಕ ಹಾಕಿಕೊಂಡು ಓದಿದರು. "ಆಸ್ಟಿನ್‌ಗೆ ಹೋಗುವಾಗ ಹಿಂದಿನ ಸೀಟಿನಲ್ಲಿ ನೀವಿಬ್ಬರೂ ಇದ್ರಿ" ಅಂದರು. ಅಷ್ಟೇ ಹೇಳಿದ್ದು.

ಸ್ಪ್ರಿಂಗ್ ಗಟ್ಟಿ ಮಾಡಿದ ಮಾತ್ರಕ್ಕೆ ಟೈರು, ಚಕ್ರದ ಬೇರಿಂಗು, ಬ್ರೇಕು, ಚಾಸಿ ಯಾವುದೂ ಗಟ್ಟಿಯಾಗುವುದಿಲ್ಲ. ಮಿತಿಯನ್ನು ಕಟ್ಟುವುದು ಅವೆಲ್ಲವನ್ನೂ ಸೇರಿಸಿ. ಇನ್ನೂ ಒಂದು ತೊಂದರೆ ಏನೆಂದರೆ, ಮೊದಲು ಟ್ರಕ್ ಕುಸಿದು ನಮಗೆ ಎಚ್ಚರಿಕೆ ಕೊಡುತ್ತಿತ್ತು. ಈಗ ಗಾಳಿ ತುಂಬಿದರೆ ಆ ಎಚ್ಚರಿಕೆಯೂ ಕಾಣಿಸುವುದಿಲ್ಲ.

ಹಾಗಂತ ಏರ್ ಬ್ಯಾಗ್ ದಂಡವಾಯಿತು ಅಂತ ನಾನು ಹೇಳುವುದಿಲ್ಲ. ಮಿತಿಯೊಳಗಿನ ಭಾರಕ್ಕೂ ಟ್ರಕ್ ಕುಸಿಯುತ್ತದೆ. ಅದನ್ನು ಮಟ್ಟ ಮಾಡಲು, ಒಂದು ಪಕ್ಕಕ್ಕೆ ವಾಲಿದರೆ ಸರಿ ಮಾಡಲು, ಉಬ್ಬಿನಲ್ಲಿ ಚಾಸಿಗೆ ಬಡಿಯದಿರಲು ಅದು ಚೆನ್ನಾಗಿಯೇ ಕೆಲಸ ಮಾಡುತ್ತದೆ. ನಮಗೆ ಬೇಕಾಗಿದ್ದ ಇನ್ನೊಂದು ವಸ್ತು ವೇಟ್ ಡಿಸ್ಟ್ರಿಬ್ಯೂಷನ್ ಹಿಚ್. ಕೊಂಡಿಯಿಂದ ಎರಡು ಉಕ್ಕಿನ ಸರಳುಗಳು ಟ್ರೈಲರಿನ ಕೆಳಗೆ ಹಿಂದಕ್ಕೆ ಚಾಚಿ, ಅವುಗಳ ತುದಿಯನ್ನು ಮೇಲಕ್ಕೆ ಎಳೆದು ಕಟ್ಟಿರುತ್ತದೆ. ತಳ್ಳುಗಾಡಿಯ ಹಿಡಿಗಳನ್ನು ಎತ್ತಿದರೆ ಭಾರ ಮುಂದಿನ ಚಕ್ರಕ್ಕೆ ಹೋಗುತ್ತದಲ್ಲ, ಹಾಗೆ ಈ ಸರಳುಗಳು ಭಾರದ ಒಂದು ಪಾಲನ್ನು ಟ್ರಕ್ಕಿನ ಮುಂದಿನ ಚಕ್ರಕ್ಕೂ ಒಂದು ಪಾಲನ್ನು ಟ್ರೈಲರಿನ ಚಕ್ರಕ್ಕೂ ಹಂಚುತ್ತವೆ. ನಾವು ತಂದದ್ದರಲ್ಲಿ ಬಾಲ ಆಡದಂತೆ ಬಿಗಿ ಹಿಡಿಯುವ ವ್ಯವಸ್ಥೆಯೂ ಇತ್ತು. ಇದು ಹಾಕಿದರೆ ಕೊಂಡಿಯ ಮಿತಿಯೂ ಹೆಚ್ಚು, ಅದು ಅದೇ ಚೀಟಿಯಲ್ಲಿ ಬರೆದಿತ್ತು.

ಜನರೇಟರ್ ಇನ್ನೊಂದು ಮನೆಯವರ ಮಿನಿವ್ಯಾನಿಗೆ ಹೋಯಿತು. ಅಮ್ಮ, ತಮ್ಮ ಕೂಡ ಅದರಲ್ಲೇ ಹೋದರು. ಹ್ಯೂಸ್ಟನ್‌ಗೆ ಹೊರಟ ಬೆಳಗ್ಗೆ ಮತ್ತೆ ತೂಗಿದೆವು: ಮುಂದೆ 3,180, ಹಿಂದೆ 3,200. ಒಟ್ಟು 6,380, ಮಿತಿಗಿಂತ 420 ಕಡಿಮೆ. ಚೀಲದಲ್ಲಿ 15 ಪಿಎಸ್‌ಐ ಸಾಕಾಯಿತು. ಐ-45ರಲ್ಲಿ ಎಷ್ಟೋ ಲಾರಿಗಳು ನಮ್ಮನ್ನು ದಾಟಿದವು. ಪ್ರತಿ ಸಲವೂ ನಾನು ಕನ್ನಡಿ ನೋಡುತ್ತಿದ್ದೆ. ಅಪ್ಪನೂ ನೋಡುತ್ತಿದ್ದರು, ನೋಡದವರ ಹಾಗೆ. ಟ್ರೈಲರ್ ತೆಪ್ಪಗೆ ಹಿಂದೆ ಬರುತ್ತಿತ್ತು.

ಟ್ರಕ್ ಕೊಡುವ ಅಂಕಲ್, ಆಂಟಿಯರಲ್ಲಿ ಒಂದು ವಿನಂತಿ. ನಿಮ್ಮ ಬಾಗಿಲ ಕಂಬದ ಮೇಲಿನ ಎರಡು ಚೀಟಿ, ಕೊಂಡಿಯ ಮೇಲಿನ ಚೀಟಿ, ಟೈರಿನ ಪಕ್ಕದಲ್ಲಿ ಬರೆದಿರುವ ಭಾರ, ಇವುಗಳ ಫೋಟೋ ತೆಗೆದು ಇಟ್ಟುಕೊಳ್ಳಿ. ಟ್ರೈಲರ್ ತುಂಬಿದ ತೂಕ 4,500 ಪೌಂಡ್ ಮೀರಿದರೆ ಟೆಕ್ಸಸ್‌ನಲ್ಲಿ ಟ್ರೈಲರಿಗೇ ಬ್ರೇಕ್ ಇರಬೇಕು, ಅದನ್ನು ಹಾಕುವ ಲಿವರ್ ಎಲ್ಲಿದೆ ಎಂದು ಹೊರಡುವ ಮೊದಲೇ ಕೈಯಿಂದ ಮುಟ್ಟಿ ನೋಡಿ. ರಾಜ್ಯೋತ್ಸವದ ಹಿಂದಿನ ಭಾನುವಾರ ತರಗತಿ ಮುಗಿದ ಮೇಲೆ ಪಾರ್ಕಿಂಗಿನಲ್ಲಿ ನಾನು ಟೇಪು, ಟಾರ್ಚು, ಗಾಳಿ ನೋಡುವ ಗೇಜು ಹಿಡಿದು ಇರುತ್ತೇನೆ. ಬಂದರೆ ಒಟ್ಟಿಗೆ ಅಳೆಯೋಣ. ಸ್ಕೇಲಿನ ಪ್ರಯೋಗ ಮಾಡಿದ ಮಕ್ಕಳು ತಮ್ಮ ಅಳತೆಗಳನ್ನು ತನ್ನಿ.

ತಾತನಿಗೆ ಕೊನೆಯ ತೂಕದ ಚೀಟಿಯ ಫೋಟೋ ವಾಟ್ಸಾಪಿನಲ್ಲಿ ಕಳಿಸಿದ್ದೆ. ಅವರ ಉತ್ತರ ಬಂದದ್ದು ಎರಡು ದಿನ ಬಿಟ್ಟು, ಧ್ವನಿ ಸಂದೇಶದಲ್ಲಿ: "ಎಲ್ಲಾ ಸರಿ ಕಣವ್ವ. ಎತ್ತು ಏನಂತು?"